ಕ್ಯಾಸ್ಪರ್ ಝೀಬ್ರಾಫಿಶ್: ಮೆದುಳಿನ ಗಡ್ಡೆಯ ಕೆಲಸಕ್ಕೆ ಮೂರು ವರ್ಷ ಬಳಸಿದ ಮೇಲೆ

ಮೊದಲು ಒಂದು ರಾತ್ರಿಯ ವಿಷಯ ಹೇಳಿಬಿಡುತ್ತೇನೆ, ಆಮೇಲೆ ಒಳ್ಳೆಯದು ಕೆಟ್ಟದ್ದಕ್ಕೆ ಬರುತ್ತೇನೆ. ಕಾನ್ಫೋಕಲ್ ಮೈಕ್ರೋಸ್ಕೋಪಿನ ಕೆಳಗೆ ಒಂದು ಮೀನಿನ ಮರಿ ಮಲಗಿತ್ತು. ಮೊಟ್ಟೆ ಇಟ್ಟು ನಾಲ್ಕು ದಿನ ಆಗಿತ್ತು, ಉದ್ದ ಇನ್ನೂ ನಾಲ್ಕು ಮಿಲಿಮೀಟರ್ ಮುಟ್ಟಿರಲಿಲ್ಲ. ಅದರ ರಕ್ತನಾಳಗಳು ಹಸಿರಾಗಿ ಹೊಳೆಯುತ್ತಿದ್ದವು. ಹಿಂದಿನ ದಿನ ಅದರ ಮೆದುಳಿಗೆ ನಾವು ಹಾಕಿದ್ದ, ಮನುಷ್ಯರ ಗ್ಲಿಯೋಬ್ಲಾಸ್ಟೋಮಾ ಅನ್ನುವ ಮೆದುಳಿನ ಕ್ಯಾನ್ಸರ್ ಗಡ್ಡೆಯ ಸೆಲ್‌ಗಳು ಕೆಂಪು. ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯುವ ಹಾಗೆ ಮೈಕ್ರೋಸ್ಕೋಪ್ ಹೊಂದಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ಚಿತ್ರಗಳನ್ನೆಲ್ಲ ಜೋಡಿಸಿ ಓಡಿಸಿದಾಗ, ಒಂದು ಸೆಲ್ ಗುಂಪಿನಿಂದ ಕಳಚಿಕೊಂಡು, ದಾರದ ಹಾಗೆ ತೆಳ್ಳಗಿನ ಒಂದು ಕಾಲನ್ನು ಮುಂದಕ್ಕೆ ಚಾಚಿ, ರಕ್ತನಾಳವನ್ನು ಮುಟ್ಟಿ, ಅದನ್ನೇ ಹಿಡಿದುಕೊಂಡು ಮುಂದೆ ಹೋಗುತ್ತಿತ್ತು. ನಾಳ ಕವಲೊಡೆಯುವ ಕಡೆ ನಿಂತಿತು. ಎರಡೂ ಕಡೆ ಕಾಲು ಚಾಚಿತು. ಒಂದನ್ನು ಒಳಗೆಳೆದುಕೊಂಡು ಇನ್ನೊಂದು ದಾರಿ ಹಿಡಿಯಿತು.

ಗ್ಲಿಯೋಮಾ (ಗ್ಲಿಯೋಬ್ಲಾಸ್ಟೋಮಾ ಸೇರುವ ಗಡ್ಡೆಗಳ ಗುಂಪು) ಸೆಲ್‌ಗಳು ರಕ್ತನಾಳದ ಗೋಡೆ ಹಿಡಿದು ಹರಡುತ್ತವೆ ಅನ್ನುವುದು ಹೊಸ ವಿಷಯವಲ್ಲ. ಹ್ಯಾನ್ಸ್ ಶೆರರ್ 1938ರಲ್ಲೇ ಬರೆದಿದ್ದರು. ಆದರೆ ಅವರ ಮುಂದೆ ಇದ್ದದ್ದು ಸತ್ತ ಅಂಗಾಂಶದ ತೆಳು ಪದರಗಳು. ಆ ಸೆಲ್ ಎಲ್ಲಿಂದ ಬಂತು, ಎಷ್ಟು ಹೊತ್ತು ನಿಂತಿತು, ಯಾವಾಗ ಮತ್ತೆ ಹೊರಟಿತು ಅಂತ ಸ್ಲೈಡ್ ಹೇಳುವುದಿಲ್ಲ. ಇದನ್ನೇ ಇಲಿಯಲ್ಲಿ ನೋಡಬೇಕು ಅಂದರೆ ತಲೆಬುರುಡೆ ಕೊರೆದು ಗಾಜಿನ ಕಿಟಕಿ ಕೂರಿಸಬೇಕು. ಆಗಲೂ ಕಾಣುವುದು ಮೇಲಿನ ಪದರ ಮಾತ್ರ. ಈ ಮರಿಯಲ್ಲಿ ಚರ್ಮವೇ ಕಿಟಕಿ.

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಗಡ್ಡೆಯ ಸೆಲ್ ಜೀವಂತ ಮೆದುಳಿನೊಳಗೆ ಮೊದಲ ನಾಲ್ಕೈದು ದಿನ ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಬೇಕಾ, ಇದಕ್ಕಿಂತ ಒಳ್ಳೆಯದು ನಾನು ಬಳಸಿಲ್ಲ. ಯಾವುದೋ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಅಂತ ತೀರ್ಮಾನ ಬೇಕಾ, ಆಗ ಇದೊಂದನ್ನೇ ನಂಬಬೇಡಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಆ ಒಂದು ಅಂಕ ಯಾಕೆ ಅಂತ ಮುಂದೆ ವಿವರವಾಗಿ ಬರೆದಿದ್ದೇನೆ, ಯಾಕಂದರೆ ಶುರು ಮಾಡುವವರಿಗೆ ಯಾರೂ ಅದನ್ನು ಸರಿಯಾಗಿ ಹೇಳುವುದಿಲ್ಲ.

ಮೀನಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಝೀಬ್ರಾಫಿಶ್ ಬೆರಳುದ್ದಕ್ಕಿಂತ ಚಿಕ್ಕ, ಮೈಮೇಲೆ ನೀಲಿ ಪಟ್ಟೆ ಇರುವ ಸಿಹಿನೀರಿನ ಮೀನು. ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ಪ್ರಕಟಿಸಿದ ಕೆಲಸದಿಂದ ಇದು ಲ್ಯಾಬಿನ ಪ್ರಾಣಿಯಾಗಿ ನೆಲೆಯೂರಿತು. 2013ರಲ್ಲಿ ಇದರ ಪೂರ್ತಿ ಜೀನೋಮ್ ಹೊರಬಂದಾಗ ಮನುಷ್ಯರ ಜೀನ್‌ಗಳಲ್ಲಿ ಸುಮಾರು 70 ಶೇಕಡಕ್ಕೆ ಇದರಲ್ಲಿ ಕನಿಷ್ಠ ಒಂದು ಸರಿಸಮನಾದ ಜೀನ್ ಇದೆ ಅಂತ ಗೊತ್ತಾಯಿತು. ಗಂಡು ಹೆಣ್ಣನ್ನು ಸಂಜೆ ಒಂದೇ ಪೆಟ್ಟಿಗೆಯಲ್ಲಿ ನಡುವೆ ತಡೆ ಹಾಕಿ ಬಿಟ್ಟು, ಬೆಳಿಗ್ಗೆ ದೀಪ ಹತ್ತಿದ ಮೇಲೆ ತಡೆ ತೆಗೆದರೆ ಸ್ವಲ್ಪ ಹೊತ್ತಿಗೆಲ್ಲ ಮೊಟ್ಟೆ ತಳಕ್ಕೆ ಬಿದ್ದಿರುತ್ತವೆ. ಒಂದು ಜೋಡಿ ನೂರಾರು ಮೊಟ್ಟೆ ಕೊಡುತ್ತದೆ. 28.5 ಡಿಗ್ರಿಯಲ್ಲಿಟ್ಟರೆ ಒಂದು ದಿನಕ್ಕೆ ಹೃದಯ ಬಡಿಯಲು ಶುರುವಾಗುತ್ತದೆ, ಎರಡು ಮೂರನೇ ದಿನಕ್ಕೆ ಮರಿ ಹೊರಗೆ ಬರುತ್ತದೆ.

ಕ್ಯಾಸ್ಪರ್ ಅನ್ನುವುದು ಇದರಲ್ಲೇ ಒಂದು ತಳಿ. ಲೆನಾರ್ಡ್ ಝಾನ್ ಅವರ ಲ್ಯಾಬಿನವರು 2008ರಲ್ಲಿ ಪರಿಚಯಿಸಿದರು. ನೇಕರ್ ಅನ್ನುವ ಮ್ಯುಟೇಶನ್ ಕಪ್ಪು ಬಣ್ಣದ ಸೆಲ್‌ಗಳನ್ನು ಇಲ್ಲವಾಗಿಸುತ್ತದೆ, ರಾಯ್ ಅನ್ನುವ ಇನ್ನೊಂದು ಮ್ಯುಟೇಶನ್ ಬೆಳ್ಳಿಯ ಹಾಗೆ ಮಿನುಗುವ ಸೆಲ್‌ಗಳನ್ನು. ಎರಡೂ ಸೇರಿದರೆ ದೊಡ್ಡ ಮೀನು ಕೂಡ ಗಾಜಿನ ಹಾಗೆ ಕಾಣುತ್ತದೆ, ಹೊಟ್ಟೆಯೊಳಗಿನ ಮೊಟ್ಟೆಗಳನ್ನು ಹೊರಗಿನಿಂದಲೇ ನೋಡಬಹುದು. ಆದರೆ ಕಣ್ಣು ಕಪ್ಪಾಗಿಯೇ ಉಳಿಯುತ್ತದೆ. ಇದು ಸಣ್ಣ ವಿಷಯ ಅಲ್ಲ, ಯಾಕಂದರೆ ಮರಿಯ ತಲೆಯಲ್ಲಿ ಕಣ್ಣೇ ದೊಡ್ಡದು. ಪಕ್ಕದಿಂದ ಮೆದುಳು ನೋಡಲು ಹೋದರೆ ಕಣ್ಣು ಅಡ್ಡ ನಿಲ್ಲುತ್ತದೆ. ಬೆನ್ನು ಮೇಲೆ ಮಾಡಿ ಮಲಗಿಸಿ ಮೇಲಿನಿಂದ ನೋಡಿದರೆ ತೊಂದರೆ ಇಲ್ಲ. ಪಕ್ಕದಿಂದಲೇ ನೋಡಬೇಕು ಅನ್ನುವವರಿಗೆ ಕ್ರಿಸ್ಟಲ್ ಅನ್ನುವ ತಳಿ ಇದೆ, ಅದರಲ್ಲಿ ಕಣ್ಣಿನ ಬಣ್ಣವೂ ಇರುವುದಿಲ್ಲ.

ಮಾಮೂಲಿ ಮೀನಿಗೆ ಪಿಟಿಯು ಅನ್ನುವ ರಾಸಾಯನಿಕ ಹಾಕಿ ಬಣ್ಣ ಬರದ ಹಾಗೆ ತಡೆಯಬಹುದಲ್ವಾ, ಈ ತಳಿ ಯಾಕೆ ಅಂತ ಕೇಳುವವರು ಇದ್ದಾರೆ. ನಾವೂ ಮೊದಲು ಹಾಗೇ ಮಾಡುತ್ತಿದ್ದೆವು. ಬಣ್ಣ ಮೂಡುವ ಮೊದಲೇ, ಅಂದರೆ ಮೊದಲ ದಿನವೇ ನೀರಿಗೆ ಹಾಕಬೇಕು, ದಿನಾ ನೀರು ಬದಲಾಯಿಸಿದಾಗಲೆಲ್ಲ ಮತ್ತೆ ಹಾಕಬೇಕು. ಅದು ಥೈರಾಯ್ಡ್ ಮೇಲೂ ಪರಿಣಾಮ ಮಾಡುತ್ತದೆ. ಔಷಧದ ಪರೀಕ್ಷೆ ಮಾಡುವಾಗ ನೀರಿನಲ್ಲಿ ಇನ್ನೊಂದು ರಾಸಾಯನಿಕ ಯಾವಾಗಲೂ ಇರುವುದು ನನಗೆ ಇಷ್ಟವಿಲ್ಲ. ಕ್ಯಾಸ್ಪರ್‌ಗೆ ಬದಲಾದ ಮೇಲೆ ಆ ತಲೆನೋವು ಹೋಯಿತು. ಬದಲಿಗೆ ಇನ್ನೊಂದು ಬಂತು: ನಮ್ಮ ಟ್ಯಾಂಕ್‌ಗಳಲ್ಲಿ ಕ್ಯಾಸ್ಪರ್ ಜೋಡಿಗಳು ಮಾಮೂಲಿ ಮೀನುಗಳಷ್ಟು ಮೊಟ್ಟೆ ಇಡುವುದಿಲ್ಲ, ಮರಿಗಳನ್ನು ದೊಡ್ಡದು ಮಾಡುವಾಗಲೂ ಜಾಸ್ತಿ ಕಳೆದುಕೊಳ್ಳುತ್ತೇವೆ. ವಾರಕ್ಕೆ ಎಷ್ಟು ಮರಿ ಬೇಕು ಅಂತ ಲೆಕ್ಕ ಹಾಕುವಾಗ ಜೋಡಿಗಳನ್ನು ಜಾಸ್ತಿಯೇ ಇಟ್ಟುಕೊಳ್ಳಿ.

ಈಗ ಸೂಜಿಯ ವಿಷಯ. ಇಡೀ ಕೆಲಸದ ಗುಣಮಟ್ಟ ನಿಲ್ಲುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಜಿನ ಸಣ್ಣ ಕೊಳವೆಯನ್ನು ಯಂತ್ರದಲ್ಲಿ ಕಾಯಿಸಿ ಎಳೆದರೆ ತುದಿ ಕೂದಲಿಗಿಂತ ತೆಳ್ಳಗಾಗುತ್ತದೆ. ಆ ತುದಿಯನ್ನು ಚಿಮಟದಿಂದ ಮುರಿಯಬೇಕು. ಜಾಸ್ತಿ ಮುರಿದರೆ ಮೆದುಳಿಗೆ ಗಾಯ ದೊಡ್ಡದಾಗುತ್ತದೆ. ಕಡಿಮೆ ಮುರಿದರೆ ಸೆಲ್‌ಗಳು ಹೊರಬರುವಾಗಲೇ ಒಡೆದುಹೋಗುತ್ತವೆ ಅಥವಾ ಸೂಜಿ ಕಟ್ಟಿಕೊಳ್ಳುತ್ತದೆ. ಗ್ಲಿಯೋಬ್ಲಾಸ್ಟೋಮಾ ಸೆಲ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದರಲ್ಲಿ ಮುಂದು. ಡಿಶ್‌ನಿಂದ ಬಿಡಿಸಿದ ಮೇಲೆ ಸಣ್ಣ ಜಾಲರಿಯಲ್ಲಿ ಸೋಸಿ, ಐಸ್ ಮೇಲಿಟ್ಟು, ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಸಂಜೆಯವರೆಗೆ ಅದೇ ಟ್ಯೂಬ್ ಇಟ್ಟುಕೊಂಡು ಹಾಕುತ್ತಾ ಹೋದರೆ ಮೊದಲ ಮರಿಗೆ ಹೋದ ಸೆಲ್‌ಗಳೇ ಬೇರೆ, ಕೊನೆಯ ಮರಿಗೆ ಹೋದವೇ ಬೇರೆ. ಬೆಳಿಗ್ಗೆ ಹಾಕಿದ ಮರಿಗಳನ್ನೆಲ್ಲ ಒಂದು ಗುಂಪು, ಮಧ್ಯಾಹ್ನದವನ್ನು ಇನ್ನೊಂದು ಗುಂಪು ಅಂತ ಇಟ್ಟುಬಿಟ್ಟರೆ ಮುಗಿದೇ ಹೋಯಿತು, ಆಮೇಲೆ ಕಾಣುವ ವ್ಯತ್ಯಾಸ ಔಷಧದ್ದೋ ಟ್ಯೂಬಿನದ್ದೋ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಎಲ್ಲವನ್ನೂ ಕಲಸಿ, ಆಮೇಲೆ ಗುಂಪು ಮಾಡಿ.

ಮರಿಗೆ ಎರಡು ಅಥವಾ ಮೂರು ದಿನ ಆದಾಗ ಟ್ರೈಕೇನ್ ಹಾಕಿದ ನೀರಿನಲ್ಲಿ ಬಿಡುತ್ತೇವೆ, ಅದು ಅರಿವಳಿಕೆ. ಅಲುಗಾಟ ನಿಂತ ಮೇಲೆ ಕಡಿಮೆ ಶಾಖದಲ್ಲಿ ಕರಗುವ ಅಗರೋಸ್ ಅನ್ನುವ ಜೆಲ್ಲಿಯಲ್ಲಿ ಮಲಗಿಸುತ್ತೇವೆ. ಅಗರೋಸ್ ಬಿಸಿ ಜಾಸ್ತಿ ಇದ್ದರೆ ಮರಿ ಅಲ್ಲೇ ಸಾಯುತ್ತದೆ. ಹಾಕುವ ಮೊದಲು ಟ್ಯೂಬನ್ನು ಮಣಿಕಟ್ಟಿಗೆ ಒತ್ತಿ ನೋಡುತ್ತೇನೆ, ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ಬೆನ್ನು ಮೇಲೆ ಬರುವ ಹಾಗೆ ತಿರುಗಿಸಿ ಅಗರೋಸ್ ಗಟ್ಟಿಯಾಗುವವರೆಗೆ ಹಿಡಿದಿರಬೇಕು. ಆಗ ತಲೆಯ ಮೇಲೆ ನಡುಮೆದುಳಿನ ಎರಡು ಉಬ್ಬುಗಳು ಸ್ಪಷ್ಟವಾಗಿ ಕಾಣುತ್ತವೆ. ಸೂಜಿ ಅದರಲ್ಲಿ ಒಂದಕ್ಕೆ ಹೋಗಬೇಕು. ಚರ್ಮ ಮೊದಲು ಸ್ವಲ್ಪ ತಗ್ಗಾಗುತ್ತದೆ, ಆಮೇಲೆ ಥಟ್ಟನೆ ಬಿಟ್ಟುಕೊಡುತ್ತದೆ. ಕಾಲಿನ ಪೆಡಲ್ ಒತ್ತಿದರೆ ಒಂದು ಸಣ್ಣ ಕೆಂಪು ಮೋಡ. ಒಂದು ನ್ಯಾನೋಲೀಟರ್ ಆಸುಪಾಸು, ಸೆಲ್ ಐವತ್ತರಿಂದ ನೂರು. ಇಲ್ಲಿ ಅವಸರ ಮಾಡಿ ಸೂಜಿ ಎಳೆದರೆ ಸೆಲ್‌ಗಳು ಸೂಜಿ ಬಂದ ದಾರಿಯಲ್ಲೇ ಹಿಂದೆ ಬಂದು ಮೆದುಳಿನ ಹೊರಗೆ ಸಾಲಾಗಿ ಕೂರುತ್ತವೆ, ಮಾರನೇ ದಿನ ಅದನ್ನು ನೋಡಿ ಸೆಲ್ ಹರಡಿದೆ ಅಂತ ಬರೆದುಕೊಳ್ಳುವ ಅಪಾಯ ಇದೆ. ಐದು ಎಣಿಸಿ, ಆಮೇಲೆ ನಿಧಾನಕ್ಕೆ ಎಳೆಯಿರಿ.

ಕೆಲವು ಗಂಟೆ ಬಿಟ್ಟು ಒಂದೊಂದು ಮರಿಯನ್ನೂ ನೋಡಿ, ಸೆಲ್ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ತೆಗೆದುಬಿಡಬೇಕು. ಶುರುವಿನಲ್ಲಿ ನಾನು ಹಾಕಿದ ಮರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಹೋಗುತ್ತಿದ್ದವು. ಕೆಲವು ತಿಂಗಳಾದ ಮೇಲೆ ಕೈ ಹಿಡಿತಕ್ಕೆ ಬಂತು. ಹಿಂಮೆದುಳಿನ ಕುಳಿಗೆ ಹಾಕುವುದು ಇದಕ್ಕಿಂತ ಸುಲಭ, ಅದು ದೊಡ್ಡದು, ತೆಳ್ಳಗಿನ ಮುಚ್ಚಳದ ಹಾಗಿರುವ ಚರ್ಮದ ಕೆಳಗೇ ಇದೆ. ಆದರೆ ಅಲ್ಲಿ ಸೆಲ್‌ಗಳು ದ್ರವದಲ್ಲಿ ತೇಲುತ್ತವೆ. ಹರಡುವುದನ್ನು ನೋಡಲು ಹೋಗಿ ತೇಲುವುದನ್ನು ನೋಡಿದ ಹಾಗಾಗುತ್ತದೆ. ಇನ್ನು ಮರಿಯ ಆಹಾರ ಇರುವ ಹಳದಿ ಚೀಲಕ್ಕೆ ಮೆದುಳಿನ ಗಡ್ಡೆಯ ಸೆಲ್ ಹಾಕಿ ಗಡ್ಡೆ ಬೆಳೆಯಿತು ಅಂತ ತೋರಿಸುವ ಕೆಲಸವನ್ನು ನಾನು ಒಪ್ಪುವುದಿಲ್ಲ. ಹಾಕಲು ಸುಲಭ, ನಿಜ. ಆದರೆ ಅದು ಕೊಬ್ಬು ತುಂಬಿದ ಚೀಲ. ಅಲ್ಲಿ ನರಕೋಶ ಇಲ್ಲ, ನರಕೋಶಕ್ಕೆ ಆಸರೆಯಾಗುವ ಗ್ಲಿಯಾ ಸೆಲ್ ಇಲ್ಲ, ಮೆದುಳಿನ ರಕ್ತನಾಳ ಇಲ್ಲ. ಮೆದುಳಿನ ಗಡ್ಡೆಯನ್ನು ಮೆದುಳಿನಲ್ಲೇ ನೋಡಿ.

ಸೂಜಿಯಿಂದ ಮೆದುಳು ಚುಚ್ಚದೆ ಮಾಡುವ ದಾರಿಯೂ ಒಂದಿದೆ. ಮೊಟ್ಟೆ ಇನ್ನೂ ಸೆಲ್‌ಗಳ ಒಂದು ಗುಡ್ಡೆಯಾಗಿರುವಾಗಲೇ, ಕೆಲವೇ ಗಂಟೆಗಳ ವಯಸ್ಸಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಸೆಲ್ ಹಾಕಿದರೆ ಅವು ತಾವಾಗಿಯೇ ಮೆದುಳಿನ ಭಾಗಕ್ಕೆ ಬಂದು ಸೇರುತ್ತವೆ ಅಂತ 2018ರಲ್ಲಿ ಒಂದು ಗುಂಪು ತೋರಿಸಿತು. ನೂರಾರು ಮರಿ ಬೇಕಾದವರಿಗೆ ಇದು ಕೆಲಸಕ್ಕೆ ಬರುತ್ತದೆ. ನಮಗೆ ಬೇಕಾಗಿದ್ದು ಸೆಲ್ ಯಾವ ಹೊತ್ತಿಗೆ ಯಾವ ಜಾಗದಲ್ಲಿತ್ತು ಅನ್ನುವುದು, ಹಾಗಾಗಿ ನಾವು ಸೂಜಿಯಲ್ಲೇ ಉಳಿದೆವು.

ಬಿಸಿಯ ವಿಷಯ ಬಿಡುವ ಹಾಗಿಲ್ಲ. ಮೀನಿಗೆ 28.5 ಡಿಗ್ರಿ ಇಷ್ಟ, ಮನುಷ್ಯರ ಸೆಲ್‌ಗೆ 37. ಎಲ್ಲರೂ ನಡುವೆ ಎಲ್ಲೋ ನಿಲ್ಲುತ್ತಾರೆ, ನಾವು 34ರಲ್ಲಿ ನಿಂತೆವು. ಮರಿಗಳು ಅದನ್ನು ತಡೆದುಕೊಳ್ಳುತ್ತವೆ, ಸ್ವಲ್ಪ ಬೇಗ ಬೆಳೆಯುತ್ತವೆ. ಸೆಲ್‌ಗಳು ಬದುಕುತ್ತವೆ, ಆದರೆ ಡಿಶ್‌ನಲ್ಲಿ 37ರಲ್ಲಿ ಬೆಳೆಯುವ ವೇಗ ಇರುವುದಿಲ್ಲ. ಹಾಗಾಗಿ ಇಷ್ಟು ದಿನಕ್ಕೆ ಗಡ್ಡೆ ಇಷ್ಟು ಪಟ್ಟು ದೊಡ್ಡದಾಯಿತು ಅನ್ನುವ ಅಂಕಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಒಂದೇ ಇನ್‌ಕ್ಯುಬೇಟರ್‌ನಲ್ಲಿ ಅಕ್ಕಪಕ್ಕ ಇದ್ದ ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕೆ ಬೆಲೆ ಕೊಡುತ್ತೇನೆ.

ಬಣ್ಣ ಹಾಕುವುದರಲ್ಲಿ ನಾವು ದೊಡ್ಡ ಪಾಠ ಕಲಿತೆವು. ಮೊದಲ ವರ್ಷ ಸೆಲ್‌ಗಳಿಗೆ ಡಿಐಐ (DiI) ಮಾದರಿಯ, ಸೆಲ್‌ನ ಪೊರೆಗೆ ಅಂಟುವ ಬಣ್ಣ ಹಾಕಿ ಬಳಸುತ್ತಿದ್ದೆವು. ಹತ್ತು ನಿಮಿಷದ ಕೆಲಸ, ಚೆನ್ನಾಗಿ ಹೊಳೆಯುತ್ತದೆ. ಎರಡನೇ ದಿನಕ್ಕೆ ಗಡ್ಡೆಯಿಂದ ದೂರ ದೂರದಲ್ಲಿ ಕೆಂಪು ಚುಕ್ಕೆಗಳು ಕಂಡವು. ಎಷ್ಟು ಚೆನ್ನಾಗಿ ಹರಡುತ್ತಿದೆ ಅಂತ ಖುಷಿಯಾಯಿತು. ಸತ್ತ ಸೆಲ್‌ಗಳನ್ನು ತಿನ್ನುವ ಕಾವಲು ಸೆಲ್‌ಗಳು, ಅಂದರೆ ಮ್ಯಾಕ್ರೋಫೇಜ್‌ಗಳು, ಹಸಿರಾಗಿ ಹೊಳೆಯುವ ತಳಿಯಲ್ಲಿ ಅದೇ ಪ್ರಯೋಗ ಮತ್ತೆ ಮಾಡಿದಾಗ, ಆ ದೂರದ ಕೆಂಪು ಚುಕ್ಕೆಗಳಲ್ಲಿ ಬಹಳಷ್ಟು ಹಸಿರು ಸೆಲ್‌ಗಳ ಹೊಟ್ಟೆಯೊಳಗೇ ಇದ್ದವು. ಸತ್ತ ಗಡ್ಡೆ ಸೆಲ್‌ಗಳನ್ನು ಮ್ಯಾಕ್ರೋಫೇಜ್ ತಿಂದಿತ್ತು, ಬಣ್ಣ ಅದರೊಳಗೆ ಉಳಿದಿತ್ತು, ಅದು ಅಡ್ಡಾಡಿದ ಕಡೆಯೆಲ್ಲ ಬಣ್ಣ ಅಡ್ಡಾಡಿತ್ತು. ಎಂಟು ತಿಂಗಳ ಎಣಿಕೆ ಪಕ್ಕಕ್ಕಿಟ್ಟೆವು. ಆಮೇಲಿಂದ ಸೆಲ್ ತಾನೇ ತಯಾರಿಸುವ ಹೊಳೆಯುವ ಪ್ರೋಟೀನ್ ಮಾತ್ರ ಬಳಸುತ್ತೇವೆ, ಜೀನ್ ಸೇರಿಸಿ ಹೊಂದಿಸಲು ವಾರಗಳು ಬೇಕು, ಆದರೂ ಪರವಾಗಿಲ್ಲ. ಅದನ್ನೂ ಮ್ಯಾಕ್ರೋಫೇಜ್ ತಿನ್ನಬಹುದು, ಆದರೆ ತಿಂದದ್ದು ಕರಗಿಹೋಗುತ್ತದೆ, ಬಣ್ಣದ ಹಾಗೆ ದಿನಗಟ್ಟಲೆ ಉಳಿಯುವುದಿಲ್ಲ. ಜೊತೆಗೆ ಕೊನೆಯ ದಿನ ಕೆಲವು ಮರಿಗಳನ್ನು ತೆಗೆದು ಮನುಷ್ಯರ ಸೆಲ್‌ಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿ ಖಚಿತ ಮಾಡಿಕೊಳ್ಳುತ್ತೇವೆ. ಬಣ್ಣ ಹಾಕಿದ ಸೆಲ್‌ಗಳಿಂದಲೇ ಶುರು ಮಾಡೋಣ ಅಂತಿರುವವರು ದಯವಿಟ್ಟು ಈ ಪ್ಯಾರಾ ಎರಡು ಸಲ ಓದಿ.

ಅದೇ ಮ್ಯಾಕ್ರೋಫೇಜ್ ಜಾತಿಯ ಸೆಲ್‌ಗಳೇ ಈ ಮೀನನ್ನು ನಾನು ಇಷ್ಟಪಡುವುದಕ್ಕೂ ದೊಡ್ಡ ಕಾರಣ. ಮೂರನೇ ದಿನದ ಹೊತ್ತಿಗೆ ಮರಿಯ ಮೆದುಳಿಗೆ ಮೈಕ್ರೋಗ್ಲಿಯಾ, ಅಂದರೆ ಮೆದುಳಿನದ್ದೇ ಕಾವಲು ಸೆಲ್‌ಗಳು, ಬಂದು ಸೇರಿರುತ್ತವೆ. ಮನುಷ್ಯರ ಗ್ಲಿಯೋಬ್ಲಾಸ್ಟೋಮಾದಲ್ಲಿ ಗಡ್ಡೆಯ ದೊಡ್ಡ ಪಾಲು ಗಡ್ಡೆಯ ಸೆಲ್‌ಗಳೇ ಅಲ್ಲ, ಮೈಕ್ರೋಗ್ಲಿಯಾ ಮತ್ತು ರಕ್ತದಿಂದ ಬಂದ ಮ್ಯಾಕ್ರೋಫೇಜ್‌ಗಳು. ಕಾವಲಿಗೆ ಇರಬೇಕಾದವು ಗಡ್ಡೆಗೆ ಸಹಾಯ ಮಾಡುತ್ತಾ ಕೂತಿರುತ್ತವೆ. ಯಾಕೆ, ಯಾವಾಗಿಂದ ಅಂತ ನೋಡಬೇಕಾದರೆ ಮೊದಲ ಭೇಟಿಯನ್ನೇ ನೋಡಬೇಕು. ಮೀನಿನಲ್ಲಿ ಅದು ಕಣ್ಣೆದುರು ನಡೆಯುತ್ತದೆ. ಒಂದು ಮೈಕ್ರೋಗ್ಲಿಯಾ ಬಂದು, ಗಡ್ಡೆಯ ಸೆಲ್ ಅನ್ನು ತಬ್ಬಿಕೊಂಡ ಹಾಗೆ ಅಂಟಿಕೊಂಡು, ಗಂಟೆಗಟ್ಟಲೆ ಇದ್ದು, ತಿನ್ನದೆ ಬಿಟ್ಟುಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎಡಿನ್‌ಬರಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ನನಗೆ ಬಹಳ ಇಷ್ಟ. ಅವರು ಮನುಷ್ಯರ ಸೆಲ್ ಹಾಕಲಿಲ್ಲ, ಮರಿಯ ಮೆದುಳಿನದ್ದೇ ಸೆಲ್‌ಗಳಲ್ಲಿ ಎಕೆಟಿ1 ಅನ್ನುವ ಜೀನ್ ಜೋರು ಮಾಡಿದರು. ಕೆಡಲು ಶುರುವಾದ ಸೆಲ್‌ಗಳು ಎಟಿಪಿ ಅನ್ನುವ ಸಣ್ಣ ಅಣುವನ್ನು ಹೊರಬಿಡುತ್ತವೆ, ಮೈಕ್ರೋಗ್ಲಿಯಾ ತಮ್ಮ ಮೇಲಿರುವ ಒಂದು ಗ್ರಾಹಕದಿಂದ ಅದನ್ನು ಗುರುತಿಸಿ ಹತ್ತಿರ ಬರುತ್ತವೆ, ಬಂದು ಆ ಸೆಲ್‌ಗಳು ಹೆಚ್ಚಾಗಲು ನೆರವಾಗುತ್ತವೆ. ನರಕೋಶಗಳು ಮೈಕ್ರೋಗ್ಲಿಯಾವನ್ನು ಕರೆಯಲು ಬಳಸುವ ಮಾಮೂಲಿ ದಾರಿಯನ್ನೇ ಗಡ್ಡೆ ತನಗೆ ಬೇಕಾದ ಹಾಗೆ ಬಳಸಿಕೊಳ್ಳುತ್ತಿದೆ. ಇಷ್ಟು ಮೊದಲ ಹಂತವನ್ನು ರೋಗಿಯಲ್ಲಿ ಯಾರೂ ನೋಡಲು ಸಾಧ್ಯವಿಲ್ಲ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಗಡ್ಡೆ ಕಣ್ಣಿಗೆ ಕಾಣುವಷ್ಟಾಗಿರುತ್ತದೆ.

ಮೀನಿನದ್ದೇ ಸೆಲ್‌ಗಳಿಂದ ಗಡ್ಡೆ ಬರಿಸುವ ತಳಿಗಳೂ ಇವೆ, ನಾನು ಜಾಸ್ತಿ ಬಳಸಿಲ್ಲ, ಹಾಗಾಗಿ ಚಿಕ್ಕದಾಗಿ. 2012ರಲ್ಲಿ ಎನ್‌ಎಫ್1 ಮತ್ತು ಪಿ53 ಜೀನ್ ಕೆಟ್ಟ ಮೀನುಗಳಲ್ಲಿ ಗ್ಲಿಯೋಮಾ ಬರುವುದನ್ನು ತೋರಿಸಿದರು. 2016ರಲ್ಲಿ ಮಕ್ಕಳಲ್ಲಿ ಬರುವಂಥ ಒಂದು ಬಗೆಯ ಮೆದುಳಿನ ಗಡ್ಡೆಯನ್ನು ಮೀನಿನಲ್ಲಿ ಬರಿಸಿ, ಎಂಇಕೆ ಅನ್ನುವ ಪ್ರೋಟೀನನ್ನು ತಡೆಯುವ ಔಷಧದಿಂದ ಅದು ಕುಗ್ಗುವುದನ್ನು ತೋರಿಸಿದರು. ಇವುಗಳ ಒಳ್ಳೆಯದೇನು ಅಂದರೆ ಸೂಜಿಯ ಗಾಯ ಇಲ್ಲ, ಬಿಸಿಯ ರಾಜಿ ಇಲ್ಲ, ಎಲ್ಲ ಸೆಲ್‌ಗಳೂ ಒಂದೇ ಪ್ರಾಣಿಯವು. ತೊಂದರೆ ಏನು ಅಂದರೆ ಮೀನಿನಲ್ಲಿ ಎಷ್ಟೋ ಜೀನ್‌ಗಳಿಗೆ ಎರಡೆರಡು ಪ್ರತಿ ಇದೆ. ಎನ್‌ಎಫ್1 ಕೂಡ ಎರಡು. ಒಂದನ್ನು ಕೆಡಿಸಿದರೆ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ.

ಈಗ ಔಷಧ. ಅಂಕ ಕಡಿಮೆಯಾದದ್ದು ಇಲ್ಲೇ.

ಈ ರೋಗಕ್ಕೆ ಹೊಸ ಔಷಧ ಎಷ್ಟು ಬೇಕಾಗಿದೆ ಅಂತ ಗೊತ್ತಿರುವವರಿಗೆ ಗೊತ್ತು. ಗ್ಲಿಯೋಬ್ಲಾಸ್ಟೋಮಾ ರೋಗಿಗಳಿಗೆ ಬರೀ ರೇಡಿಯೇಷನ್ ಕೊಟ್ಟಾಗ ಅರ್ಧದಷ್ಟು ಜನ ಬದುಕುವ ಕಾಲ 12.1 ತಿಂಗಳು, ಜೊತೆಗೆ ಟೆಮೊಝೊಲೊಮೈಡ್ ಅನ್ನುವ ಔಷಧ ಕೊಟ್ಟರೆ 14.6 ತಿಂಗಳು ಅಂತ 2005ರ ದೊಡ್ಡ ಅಧ್ಯಯನ ತೋರಿಸಿತು. ಎರಡೂವರೆ ತಿಂಗಳ ವ್ಯತ್ಯಾಸ. ಅದೇ ಇವತ್ತಿಗೂ ಮೂಲ ಚಿಕಿತ್ಸೆ. ಹಾಗಿರುವಾಗ, 96 ಗುಳಿಗಳ ಪ್ಲೇಟಿನಲ್ಲಿ ಗುಳಿಗೊಂದು ಮರಿ ಬಿಟ್ಟು, ನೀರಿಗೆ ಔಷಧ ಹಾಕಿ, ಒಂದೇ ವಾರದಲ್ಲಿ ಉತ್ತರ ಪಡೆಯಬಹುದು ಅಂದರೆ ಯಾರಿಗೆ ಆಸೆಯಾಗುವುದಿಲ್ಲ? ನನಗೂ ಆಯಿತು.

ಆದರೆ ಮೂರು ವಿಷಯ ನೋಡಿ. ನೀರಿಗೆ ಹಾಕಿದ ಔಷಧದಲ್ಲಿ ಎಷ್ಟು ಮರಿಯ ಒಳಗೆ ಹೋಯಿತು ಅಂತ ನೀರಿನ ಅಳತೆಯಿಂದ ಗೊತ್ತಾಗುವುದಿಲ್ಲ. ಕೊಬ್ಬಿನಲ್ಲಿ ಕರಗುವಂಥವು ಸುಲಭವಾಗಿ ಹೋಗುತ್ತವೆ, ನೀರಿನಲ್ಲೇ ಕರಗುವಂಥವು ಹೊರಗೇ ಉಳಿಯಬಹುದು. ಕೆಲಸ ಮಾಡಲಿಲ್ಲ ಅಂತ ಕೈಬಿಟ್ಟ ಔಷಧ ಒಳಗೇ ಹೋಗಿಲ್ಲದೆ ಇರಬಹುದು. ಇನ್ನೊಂದು, ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆ. ಮನುಷ್ಯರಲ್ಲಿ ಎಷ್ಟೋ ಔಷಧಗಳು ಸೋಲುವುದು ಈ ಗೋಡೆಯ ಮುಂದೆ. ಮೀನಿನ ಮರಿಯಲ್ಲಿ ಇದು ಮೂರನೇ ದಿನದ ಹೊತ್ತಿಗೆ ಶುರುವಾಗಿ, ಗಟ್ಟಿಯಾಗಲು ಹತ್ತನೇ ದಿನದವರೆಗೂ ಹೋಗುತ್ತದೆ. ನಾವು ಔಷಧ ಹಾಕುವುದು ನಾಲ್ಕನೇ ಐದನೇ ದಿನ. ಅಂದರೆ ಅರ್ಧ ಕಟ್ಟಿದ ಗೋಡೆ. ಅದನ್ನು ದಾಟಿದ ಔಷಧ ಪೂರ್ತಿ ಕಟ್ಟಿದ ಗೋಡೆಯನ್ನೂ ದಾಟುತ್ತದೆ ಅಂತ ಹೇಗೆ ಹೇಳುವುದು?

ಮೂರನೆಯದು ನಮಗೇ ಆದದ್ದು. ಟೆಮೊಝೊಲೊಮೈಡ್ ಕೆಲಸ ಮಾಡುವುದೇ ಒಡೆದ ಮೇಲೆ. ಹುಳಿ ಇರುವ ಕಡೆ ಅದು ಒಡೆಯದೆ ಉಳಿಯುತ್ತದೆ, ಪಿಎಚ್ ಏಳು ದಾಟಿದರೆ ಒಡೆಯಲು ಶುರುವಾಗುತ್ತದೆ, ರಕ್ತದ ಪಿಎಚ್ ಮತ್ತು 37 ಡಿಗ್ರಿಯಲ್ಲಿ ಎರಡು ಗಂಟೆಯೊಳಗೆ ಅರ್ಧ ಹೋಗಿರುತ್ತದೆ. ಮರಿಗಳನ್ನಿಡುವ ಇ3 ನೀರು ಬರೀ ಉಪ್ಪಿನ ನೀರು, ಪಿಎಚ್ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ನಮ್ಮ ಒಂದು ವಾರದ ಪ್ರಯೋಗದಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡಿತು, ಇನ್ನೊಂದು ವಾರ ಏನೂ ಆಗಲಿಲ್ಲ. ಸೆಲ್ ಅದೇ, ಮೀನು ಅದೇ, ಕೈ ಅದೇ. ಕೊನೆಗೆ ನೀರಿನ ಪಿಎಚ್ ಅಳೆದರೆ ಎರಡು ಬಾಟಲಿಗಳಲ್ಲಿ ಬೇರೆ ಬೇರೆ ಇತ್ತು. ಈಗ ನೀರಿಗೆ ಬಫರ್ ಹಾಕುತ್ತೇವೆ, ಔಷಧವನ್ನು ದಿನಾ ಹೊಸದಾಗಿ ಕಲಸಿ ಬದಲಾಯಿಸುತ್ತೇವೆ, ಪಿಎಚ್ ಬರೆದಿಡುತ್ತೇವೆ. ಮೀನಿನ ತಪ್ಪು ಇದರಲ್ಲಿ ಏನೂ ಇಲ್ಲ, ಆದರೆ ಮೀನನ್ನು ನೀರಿನಿಂದ ಬೇರೆ ಮಾಡಿ ನೋಡಲು ಆಗುವುದಿಲ್ಲ.

ಎಷ್ಟು ಮರಿ ಸತ್ತವು ಅಂತ ಎಣಿಸಿ ಔಷಧ ಅಳೆಯುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಹಳದಿ ಚೀಲದ ಆಹಾರ ಐದಾರು ದಿನಕ್ಕೆ ಮುಗಿಯುತ್ತಾ ಬರುತ್ತದೆ, ಆಮೇಲೆ ತಿನ್ನಲು ಕಲಿಯದ ಮರಿ ಹಸಿವಿನಿಂದಲೇ ಸಾಯಬಹುದು. ಇನ್ನೊಂದು ಮಾತು, ಇದನ್ನು ಜೋರಾಗಿ ಹೇಳಬೇಕು ಅನ್ನಿಸುತ್ತದೆ: ಒಂದೇ ಜೋಡಿಯ ಮೊಟ್ಟೆಗಳಿಂದ ಬಂದ ಅರವತ್ತು ಮರಿ ಅಂದರೆ ಅರವತ್ತು ಪ್ರಯೋಗ ಅಲ್ಲ, ಒಂದು ಪ್ರಯೋಗ. ಬೇರೆ ಬೇರೆ ವಾರ, ಬೇರೆ ಬೇರೆ ಜೋಡಿ, ಸೆಲ್‌ಗಳ ಬೇರೆ ಬೇರೆ ಬ್ಯಾಚ್, ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಮಾತಾಡಿ. ಎಣಿಸುವವರಿಗೆ ಯಾವ ಗುಂಪು ಯಾವುದು ಅಂತ ಗೊತ್ತಿರಬಾರದು.

ರೋಗ ನಿರೋಧಕ ವ್ಯವಸ್ಥೆಯ ಬಗ್ಗೆಯೂ ತಿಳಿದಿರಲಿ. ಮರಿಯಲ್ಲಿ ಹೊರಗಿನದ್ದನ್ನು ಗುರುತಿಸಿ ಹೋರಾಡುವ ಟಿ ಸೆಲ್ ಬಿ ಸೆಲ್‌ಗಳ ಕೆಲಸ ಬಲವಾಗಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ಮನುಷ್ಯರ ಸೆಲ್ ಹಾಕಿದರೂ ಮರಿ ಅದನ್ನು ತಳ್ಳಿಹಾಕುವುದಿಲ್ಲ, ಅದು ಅನುಕೂಲ. ಆದರೆ ಟಿ ಸೆಲ್‌ಗಳನ್ನು ಎಬ್ಬಿಸುವ ಚಿಕಿತ್ಸೆ ಪರೀಕ್ಷಿಸಬೇಕಾದರೆ ಈ ಮರಿ ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ಮೀನಿನಲ್ಲೇ ತಿಂಗಳುಗಟ್ಟಲೆ ನೋಡಬೇಕು ಅನ್ನುವವರಿಗೆ 2019ರಲ್ಲಿ ಡೇವಿಡ್ ಲ್ಯಾಂಗೆನೌ ಅವರ ಲ್ಯಾಬಿನಿಂದ ಒಂದು ತಳಿ ಬಂತು. ಕ್ಯಾಸ್ಪರ್‌ನಲ್ಲೇ ನಿರೋಧಕ ಶಕ್ತಿಯ ಎರಡು ಜೀನ್ ತೆಗೆದು, 37 ಡಿಗ್ರಿಗೆ ಒಗ್ಗಿಸಿ, ಮನುಷ್ಯರ ಕ್ಯಾನ್ಸರ್ ಸೆಲ್ ಬೆಳೆಸಿದರು. ಅದನ್ನು ಸಾಕುವುದು ಬೇರೆಯದೇ ಕೆಲಸ, ಸೋಂಕು ತಗುಲದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ ಇಲ್ಲದವರು ಕೈ ಹಾಕದಿರುವುದು ಒಳ್ಳೆಯದು.

ಒಮ್ಮೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಒಬ್ಬರು ಲ್ಯಾಬಿಗೆ ಬಂದಿದ್ದರು. ಶುರುವಿನಲ್ಲಿ ಹೇಳಿದ ಆ ವಿಡಿಯೋ ತೋರಿಸಿದೆ. ಸುಮ್ನೆ ನೋಡಿದರು. ಮತ್ತೊಮ್ಮೆ ಹಾಕಿ ಅಂದರು. ಮೂರನೇ ಸಲ ಅವರೇ ಪರದೆಯ ಮೇಲೆ ಬೆರಳಿಟ್ಟು ಗಡ್ಡೆಯ ಗುಂಪಿನ ಅಂಚು ತೋರಿಸಿ, "ನಾವು ಇಲ್ಲಿಗೆ ನಿಲ್ಲಿಸ್ತೀವಿ" ಅಂದರು. ಆ ಸೆಲ್ ಅಷ್ಟು ಹೊತ್ತಿಗೆ ಅವರ ಬೆರಳಿನಿಂದ ಬಹಳ ದೂರ ಹೋಗಿತ್ತು. "ಮೇಡಂ, ಇದು ಬರೀ ಒಂಬತ್ತು ಗಂಟೆಯ ಚಿತ್ರ" ಅಂದೆ. ಅವರು ಮಾತಾಡಲಿಲ್ಲ. ಈ ಕೆಲಸ ಯಾಕೆ ಮಾಡಬೇಕು ಅಂತ ನನಗೆ ಯಾವತ್ತೂ ಅನುಮಾನ ಇರಲಿಲ್ಲ, ಆದರೆ ಆ ದಿನದ ನಂತರ ಸೆಲ್ ಎಷ್ಟು ದೊಡ್ಡದಾಯಿತು ಅನ್ನುವುದನ್ನು ಬಿಟ್ಟು ಎಷ್ಟು ದೂರ ಹೋಯಿತು ಅನ್ನುವುದನ್ನೇ ಅಳೆಯಲು ಶುರು ಮಾಡಿದೆವು. ಈ ಮೀನು ಚೆನ್ನಾಗಿ ಉತ್ತರ ಕೊಡುವ ಪ್ರಶ್ನೆಯೂ ಅದೇ.

ತರಿಸಿಕೊಳ್ಳುವವರಿಗೆ ಒಂದೆರಡು ಮಾತು. ನಾವು ಮೊದಲ ಸಲ ಮೊಟ್ಟೆ ತರಿಸಿದ ಕಡೆಯಿಂದ ಬಂದದ್ದರಲ್ಲಿ ಮರಿಗಳು ಬೆಳೆದ ಮೇಲೆ ಕೆಲವಕ್ಕೆ ಮೈಮೇಲೆ ಕಪ್ಪು ಚುಕ್ಕೆ ಬಂತು. ಕ್ಯಾಸ್ಪರ್‌ಗೆ ಬರಬಾರದು. ಎಲ್ಲೋ ಬೇರೆ ಮೀನು ಬೆರೆತಿತ್ತು. ತಂದೆ ತಾಯಿ ಮೀನುಗಳ ದಾಖಲೆ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಮೀನು ಮೊಟ್ಟೆ ಇಡುವಷ್ಟು ದೊಡ್ಡದಾಗಲು ಮೂರು ತಿಂಗಳು ಬೇಕು, ಆ ಮೂರು ತಿಂಗಳು ಹಾಗೇ ಹೋಯಿತು. ಎರಡನೇ ಸಲ ತಳಿಗಳನ್ನು ಕಾಪಿಟ್ಟು ಕೊಡುವ ಒಂದು ಕೇಂದ್ರದಿಂದ ದಾಖಲೆ ಸಮೇತ ತರಿಸಿದೆವು, ಅಂದಿನಿಂದ ತೊಂದರೆ ಇಲ್ಲ. ದುಡ್ಡು ಕೊಡುವ ಮೊದಲೇ ಎರಡೂ ಮ್ಯುಟೇಶನ್ ಪರೀಕ್ಷೆ ಮಾಡಿದ ಫಲಿತಾಂಶ ಕೇಳಿ ಪಡೆಯಿರಿ. ಮೊಟ್ಟೆ ಬಂದ ದಿನವೇ ಬ್ಲೀಚ್‌ನಲ್ಲಿ ತೊಳೆದು, ಹಳೆಯ ಮೀನುಗಳ ನೀರು ಸೇರದ ಬೇರೆ ಟ್ಯಾಂಕಿನಲ್ಲಿ ಬೆಳೆಸಿ. ಅವು ದೊಡ್ಡದಾಗುವ ಆ ಮೂರು ತಿಂಗಳು ಸೂಜಿ ಹಿಡಿಯಲು ಕಲಿಯುವ ಸಮಯ. ಮೊದಲು ಮಾಮೂಲಿ ಮೀನಿನ ಮರಿಗೆ ಬರೀ ಕೆಂಪು ಬಣ್ಣದ ನೀರು ಹಾಕಿ, ದಿನಾ ಇಪ್ಪತ್ತು ಮರಿ, ಮಾರನೇ ದಿನ ಎಷ್ಟು ಚೆನ್ನಾಗಿ ಈಜುತ್ತಿವೆ ಅಂತ ಬರೆದಿಡಿ. ಇಪ್ಪತ್ತರಲ್ಲಿ ಹದಿನೆಂಟು ಈಜುವ ದಿನ ಸೆಲ್ ಟ್ಯೂಬ್ ತೆಗೆಯಿರಿ.